ಬಿಳಿ ಕುರ್ಚಿ ಬಿಡಿಸಲು ಹೋಗಿ ಮನೆಯೆಲ್ಲ ನೀಲಿ

ಬೆಳಗ್ಗೆ 7 ಗಂಟೆ. ಈ ವಿಡಿಯೋದಲ್ಲಿ ಎಡಗಡೆ ಕಾಣುತ್ತಿರುವುದು ಕುರ್ಚಿ, ಬಲಗಡೆ ಕ್ಯಾನ್ವಾಸ್ ನಿಲ್ಲಿಸುವ ಈಸೆಲ್, ಮಧ್ಯದಲ್ಲಿ ತಲೆ ಬಾಚಿಕೊಳ್ಳದೆ ಓಡಾಡುತ್ತಿರುವುದು ನಾನು. ಮುಖದಲ್ಲಿ ಎಷ್ಟು ನೆಮ್ಮದಿ ನೋಡಿ. ಆ ನೆಮ್ಮದಿಗೆ ಇನ್ನು 10 ನಿಮಿಷ ಆಯಸ್ಸು.

ಇವತ್ತಿನ ಚಿತ್ರ ಆ ಪ್ಲಾಸ್ಟಿಕ್ ಕುರ್ಚಿಯದು. ಹೌದು, ಅದೇ ಬಿಳಿ ಕುರ್ಚಿ. ಒಂದು ಕಾಲು ಸ್ವಲ್ಪ ಒಳಗೆ ಬಾಗಿದೆ, ಬೆನ್ನಿನ ಪಟ್ಟಿಯಲ್ಲಿ ಸಣ್ಣ ಸೀಳು ಇದೆ. ಇದರಲ್ಲಿ ಯಾರೋ ಅಜ್ಜ ಕೂರುತ್ತಿದ್ದರು, ಈಗ ಇಲ್ಲ, ಅಂಥ ಕಥೆ ಬರುತ್ತದೆ ಅಂತ ಕಾಯಬೇಡಿ. ಏನೂ ಇಲ್ಲ. ಮೂಲೆಯಲ್ಲಿತ್ತು. ಬಿಸಿಲು ಬಿತ್ತು. ನೋಡೋಣ ಅನ್ನಿಸಿತು. ಅಷ್ಟೇ.

ಕ್ಯಾನ್ವಾಸ್ 16 ಇಂಚಿಗೆ 20 ಇಂಚು. ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ಅಡಿ ಲೇಪ, ಹಚ್ಚಿದ್ದು, ಉಜ್ಜಿದ್ದು ಎಲ್ಲ ವೇಗವಾಗಿ ಓಡಿಸಿದ್ದೇನೆ, ನೋಡಿಕೊಳ್ಳಿ. ಈಗ ಕಂದು ಬಣ್ಣ ತೆಳ್ಳಗೆ ಬಳಿಯುತ್ತಿದ್ದೇನಲ್ಲ, ಅದು ಅಂಬರ್ ಅನ್ನುವ ಮಣ್ಣಿನ ಬಣ್ಣ. ಬಿಳಿ ಕ್ಯಾನ್ವಾಸಿನ ಮೇಲೆ ಬಿಳಿ ಕುರ್ಚಿ ಬಿಡಿಸಲು ಹೋದರೆ ಕಣ್ಣಿಗೆ ಹಿಡಿತವೇ ಸಿಗುವುದಿಲ್ಲ. ಅಂಬರೇ ಯಾಕೆ ಅಂದರೆ ಅದರಲ್ಲಿ ಮ್ಯಾಂಗನೀಸ್ ಇದೆ, ಬೇರೆ ಎಣ್ಣೆ ಬಣ್ಣಗಳಿಗಿಂತ ಬೇಗ ಒಣಗುತ್ತದೆ. ಅಡಿ ಪದರ ತೆಳ್ಳಗಿರಬೇಕು, ಎಣ್ಣೆ ಜಾಸ್ತಿ ಇರುವುದು ಮೇಲೆ ಬರಬೇಕು. ತಿರುಗಮುರುಗ ಮಾಡಿದರೆ ಮೇಲಿನದು ಮೊದಲು ಒಣಗಿ, ಅಡಿಯದು ಇನ್ನೂ ಅಲುಗಾಡುತ್ತಾ, ಒಂದು ದಿನ ಬಿರುಕು ಬಿಡುತ್ತದೆ. ನನ್ನ ಮೊದಲ ದೊಡ್ಡ ಚಿತ್ರ ಬತ್ತಿದ ಕೆರೆಯ ಹಾಗೆ ಸೀಳಿದೆ. ನೋಡಿದವರು "ಟೆಕ್ಸ್ಚರ್ ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ಬಂತು ನೋಡಿ. ಇದೇ ಆ ಟ್ಯೂಬು. ಥ್ಯಾಲೋ ಬ್ಲೂ ಅನ್ನುವ ಕಡು ನೀಲಿ ಎಣ್ಣೆ ಬಣ್ಣ.

ಈ ಶಾಟನ್ನು ನಾನು ಕತ್ತರಿಸಿಲ್ಲ. 4 ನಿಮಿಷ ಇದೆ, ಪೂರ್ತಿ ಇಟ್ಟಿದ್ದೇನೆ. ಮುಚ್ಚಳ ತಿರುಗುತ್ತಿಲ್ಲ. ಕೈಯಲ್ಲಿ ತಿರುಗಿಸಿದೆ. ಬಟ್ಟೆ ಸುತ್ತಿ ತಿರುಗಿಸಿದೆ. ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ತಿರುಗಿಸಿದೆ. ಹಲ್ಲಲ್ಲಿ ಕಚ್ಚಿದೆ. ದಯವಿಟ್ಟು ಕಚ್ಚಬೇಡಿ, ಬಣ್ಣದಲ್ಲಿ ಏನೇನು ಇರುತ್ತದೋ, ಹಲ್ಲೂ ಹೋಗುತ್ತದೆ. ಬಿಸಿನೀರಲ್ಲಿ 2 ನಿಮಿಷ ಮುಚ್ಚಳ ಅದ್ದಿಟ್ಟರೆ ಸಲೀಸಾಗಿ ಬಿಚ್ಚುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ನೀರು ಕಾಯಿಸಬೇಕು, ಅಷ್ಟರಲ್ಲಿ ಬಿಸಿಲು ಜರುಗುತ್ತದೆ. ಅದಕ್ಕೇ ಇಕ್ಕಳ ತಂದೆ.

ಟ್ಯೂಬಿನ ಮುಚ್ಚಳ ಇಷ್ಟು ಗಟ್ಟಿ ಯಾಕೆ ಅಂಟುತ್ತದೆ ಗೊತ್ತಾ? ಎಣ್ಣೆ ಬಣ್ಣ ನೀರಿನ ಹಾಗೆ ಆರಿ ಹೋಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ತಾನೇ ಗಟ್ಟಿ ಪದರವಾಗಿ ಬದಲಾಗುತ್ತದೆ. 500 ವರ್ಷ ಹಿಂದಿನ ಚಿತ್ರಗಳನ್ನು ಇವತ್ತಿಗೂ ಹಿಡಿದಿಟ್ಟಿರುವುದು ಅದೇ ಎಣ್ಣೆ. ಅಂಥದ್ದು ನನ್ನ ಮುಚ್ಚಳದ ತಿರುಪಿನೊಳಗೆ ಸೇರಿಕೊಂಡು ಒಣಗಿದೆ. ಇಕ್ಕಳಕ್ಕೆ ಹೆದರುತ್ತದೆಯೇ? ತಪ್ಪು ನನ್ನದೇ. ಹೋದ ಸಲ ಮುಚ್ಚುವಾಗ ಟ್ಯೂಬಿನ ಕುತ್ತಿಗೆ ಒರೆಸಿರಲಿಲ್ಲ.

ಇಲ್ಲಿ ನೋಡಿ. ಮುಚ್ಚಳ ಹಾಗೇ ಇದೆ, ಟ್ಯೂಬಿನ ಕುತ್ತಿಗೆ ತಿರುಚಿಕೊಂಡಿತು. ಇನ್ನೊಂದು ಸುತ್ತು. ಪಕ್ಕೆ ಬಿರಿಯಿತು. ಅಂಗೈ ತುಂಬ ನೀಲಿ. ಮೊದಲ ಕ್ಷಣ ನಾನು ನಗುತ್ತಿದ್ದೇನೆ, ಯಾಕೆ ನಕ್ಕೆ ಅಂತ ನನಗೂ ಗೊತ್ತಿಲ್ಲ. ಆಮೇಲೆ ಬಲಗೈಯಿಂದ ಕಿವಿಯ ಹಿಂದೆ ಕೂದಲು ಸರಿಸಿಕೊಳ್ಳುತ್ತೇನೆ, ಅದೂ ಕಾಣುತ್ತದೆ. ಆ ಕಿವಿ ಇನ್ನೂ ನೀಲಿಯಾಗೇ ಇದೆ.

ಟ್ಯೂಬು ಅಂದಾಗ ನೆನಪಾಯಿತು. ಈ ಲೋಹದ ಟ್ಯೂಬು ಬಂದದ್ದು 1841ರಲ್ಲಿ. ಜಾನ್ ಗಾಫ್ ರ‍್ಯಾಂಡ್ ಅಂತ ಒಬ್ಬ ಅಮೆರಿಕದ ಚಿತ್ರಕಾರ ಮಾಡಿದ್ದು. ಅದಕ್ಕೆ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ, ಬಾಯಿ ದಾರದಲ್ಲಿ ಕಟ್ಟಿ ಇಡುತ್ತಿದ್ದರು. ಬೇಕಾದಾಗ ಮೊಳೆಯಲ್ಲಿ ಚುಚ್ಚಿ ಹಿಂಡಬೇಕು, ಆಮೇಲೆ ತೂತು ಮುಚ್ಚಬೇಕು. ಅದೂ ಒಡೆಯುತ್ತಿತ್ತು. ಟ್ಯೂಬು ಬಂದ ಮೇಲೆ ತಾನೇ ಇಂಪ್ರೆಷನಿಸ್ಟರು, ಅಂದರೆ ಬದಲಾಗುವ ಬೆಳಕನ್ನು ಹಿಡಿಯಲು ಹೊರಟ ಫ್ರಾನ್ಸಿನ ಚಿತ್ರಕಾರರು, ಬಣ್ಣ ಚೀಲಕ್ಕೆ ಹಾಕಿಕೊಂಡು ಹೊಲ, ನದಿ ದಡ ಅಂತ ಹೊರಟದ್ದು. ದೊಡ್ಡ ಉಪಕಾರ, ಒಪ್ಪುತ್ತೇನೆ. ಆ ಕ್ಷಣದಲ್ಲಿ ಮಾತ್ರ ಮೂತ್ರಕೋಶವೇ ವಾಸಿ ಅನ್ನಿಸಿತ್ತು. ಅದಕ್ಕೆ ಮುಚ್ಚಳ ಇರಲಿಲ್ಲ.

ಬೇರೆ ಬಣ್ಣ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಹಳದಿ ಮಣ್ಣಿನ ಬಣ್ಣ ಚೆಲ್ಲಿದರೆ ಒರೆಸಿ ಮುಂದೆ ಹೋಗಬಹುದು, ಅದು ಪಾಪದ್ದು. ಥ್ಯಾಲೋ ಹಾಗಲ್ಲ. 1935ರಲ್ಲಿ ಮಾರುಕಟ್ಟೆಗೆ ಬಂದದ್ದು, ತಾಮ್ರದ ಅಂಶ ಇರುವ ಬಣ್ಣ. ಇದರ ಕಸುವು ಎಂಥದ್ದು ಅಂದರೆ, ಬೆರಳಿನಷ್ಟು ಬಿಳಿಗೆ ಸೂಜಿಮೊನೆಯಷ್ಟು ತಾಗಿದರೆ ಸಾಕು, ಎಲ್ಲ ಆಕಾಶ. ಬಿಸಿಲಿಗೂ ಬಣ್ಣ ಕೆಡುವುದಿಲ್ಲ. ಬಣ್ಣದಲ್ಲಿ ಯಾವ ಗುಣ ಹುಡುಕುತ್ತೇವೋ ಅದೆಲ್ಲ ಇದರಲ್ಲಿದೆ. ಬಾಗಿಲ ಹಿಡಿಕೆಯ ಮೇಲೆ ಬಿದ್ದಾಗಲೂ ಇರುತ್ತದೆ.

ಎಲ್ಲೆಲ್ಲಿ ಸಿಕ್ಕಿತು ಅಂತ ಒಂದೊಂದಾಗಿ ತೋರಿಸುತ್ತಿದ್ದೇನೆ ನೋಡಿ. ಬಾಗಿಲ ಹಿಡಿಕೆ. ಲೈಟಿನ ಸ್ವಿಚ್ಚು. ಫೋನಿನ ಗಾಜು. ನಲ್ಲಿ. ಕ್ಯಾಮೆರಾದ ಫೋಕಸ್ ಉಂಗುರ, ಇದು ಜಾಸ್ತಿ ನೋವು ಕೊಟ್ಟದ್ದು. ಕನ್ನಡಕದ ಕಡ್ಡಿ. ಒಂದು ಕಡೆ ಒರೆಸಿದರೆ ಒರೆಸಿದ ಬಟ್ಟೆಯಿಂದಲೇ ಇನ್ನೆರಡು ಕಡೆ ಮೆತ್ತಿಕೊಳ್ಳುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ಹಾಕಿ ಉಜ್ಜಿ, ಆಮೇಲೆ ಸೋಪು ಹಾಕಿ. ನೇರ ಸೋಪು ನೀರು ಹಾಕಿದರೆ ನೀಲಿ ಇನ್ನೂ ಹರಡುತ್ತದೆ. ಇನ್ನೊಂದು ಮಾತು, ತಮಾಷೆ ಅಲ್ಲ ಇದು. ಅಗಸೆ ಎಣ್ಣೆ ಅಂಟಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಅದು ಬಿಸಿಯಾಗುತ್ತದೆ. ಆ ಬಿಸಿ ಒಳಗೇ ಉಳಿದುಕೊಂಡರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಿಚ್ಚಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಸರಿ, ಶಾಟ್ ಮುಗಿಯಿತು. ಕುರ್ಚಿಗೆ ಬರೋಣ.

ಇದಕ್ಕೆಲ್ಲ 40 ನಿಮಿಷ ಹೋಯಿತು. ಈಗ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿದ್ದೇನೆ, ನಿದ್ದೆ ಅಲ್ಲ. ಕಣ್ಣು ಕಿರಿದು ಮಾಡಿದರೆ ಸಣ್ಣಪುಟ್ಟದ್ದೆಲ್ಲ ಅಳಿಸಿಹೋಗಿ ಬೆಳಕು ಎಲ್ಲಿ, ಕತ್ತಲು ಎಲ್ಲಿ ಅನ್ನುವುದಷ್ಟೇ ಉಳಿಯುತ್ತದೆ. ನೀವೂ ಮಾಡಿ ನೋಡಿ. ಬಿಳಿ ಕುರ್ಚಿಯಲ್ಲಿ ಬಿಳಿ ಎಷ್ಟಿದೆ? ಕೂರುವ ಹಲಗೆಯ ಅಂಚಿನಲ್ಲಿ ಒಂದು ಗೆರೆ, ತೋಳಿನ ಮೇಲೆ ಒಂದು ಚೂರು. ಬೆನ್ನಿನ ನೆರಳು ಕಡೆ ಬೂದು. ಆ ಬೂದಿನಲ್ಲಿ ಸ್ವಲ್ಪ ನೇರಳೆ. ಹಲಗೆಯ ಅಡಿಭಾಗ ನೋಡಿ, ಕಿತ್ತಳೆ! ನೆಲ ಕೆಂಪು, ಅದರ ಮೇಲೆ ಬಿದ್ದ ಬಿಸಿಲು ಪುಟಿದು ಅಡಿಗೆ ಹೊಡೆಯುತ್ತಿದೆ. ಇಷ್ಟು ದಿನ ಅದೇ ಕುರ್ಚಿ ಎಳೆದು ಕೂತಿದ್ದೇನೆ. ಕಿತ್ತಳೆ ಕಂಡಿರಲಿಲ್ಲ.

ನಾನು ಚಿತ್ರ ಬರೆಯುವುದು ಇದಕ್ಕೇ. ಕಲೆ ಅಂದರೆ ಭಾವನೆಗಳ ಅಭಿವ್ಯಕ್ತಿ ಅಂತ ಹೇಳುತ್ತಾರಲ್ಲ, ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಬೆಳಗ್ಗೆ ನನ್ನ ಭಾವನೆ ಏನಿತ್ತು? ಮುಚ್ಚಳದ ಮೇಲಿನ ಸಿಟ್ಟು. ಅದನ್ನು ಯಾರು ನೋಡಬೇಕು? ಕೈಗೆ ಒಂದು ಕೆಟ್ಟ ಅಭ್ಯಾಸ ಇದೆ. ಅದು ತನಗೆ ಗೊತ್ತಿರುವುದನ್ನು ಬರೆಯುತ್ತದೆ. ಕುರ್ಚಿಗೆ 4 ಕಾಲು ಅಂತ ಗೊತ್ತು, 4 ಬರೆಯುತ್ತದೆ. ನಾನು ನಿಂತ ಜಾಗದಿಂದ ಕಾಣುವುದು ಮೂರೂವರೆ. ಪ್ಲಾಸ್ಟಿಕ್ ಬಿಳಿ ಅಂತ ಗೊತ್ತು, ಬಿಳಿ ಬಳಿಯುತ್ತದೆ. ಕಣ್ಣು ಹಿಂದೆ ಬಿದ್ದಿರುತ್ತದೆ, ಕೈ ಆಗಲೇ ಮುಂದೆ ಓಡಿರುತ್ತದೆ. ನನ್ನ ಕೆಲಸ ಕೈಯನ್ನು ಎಳೆದು ತಂದು ಕಣ್ಣಿನ ಪಕ್ಕ ನಿಲ್ಲಿಸುವುದು.

ಹಾಗೆ ಹೇಳಿದ ಕೂಡಲೇ ನನಗೇ ಅನುಮಾನ ಬರುತ್ತದೆ. ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯ ಅಂದರೆ ಏನು ಅಂತ ತಿಳಿಯಲು ಕಥಕ್ ನೃತ್ಯವನ್ನೇ ಕಲಿತವರು. ಅವರು ಬರೆದ ನರ್ತಕಿಯರ ಗೆರೆ ನೋಡಿದರೆ ಅದು ಕಣ್ಣಿನಿಂದ ಬಂದದ್ದು ಅನ್ನಲು ಆಗುವುದಿಲ್ಲ, ಮೊಣಕಾಲು, ಪಾದ ಎಲ್ಲ ಸೇರಿ ಎಳೆದ ಹಾಗಿದೆ. ಅಲ್ಲಿ ಕೈಯನ್ನು ಎಳೆದು ನಿಲ್ಲಿಸಿದ್ದರೆ ಎಲ್ಲ ಹಾಳಾಗುತ್ತಿತ್ತು. ಹಾಗಾಗಿ ನಾನು ಹೇಳಿದ್ದು ಕುರ್ಚಿಗೆ ಸರಿ. ಕುಣಿಯುವವರಿಗೆ ಬೇರೆ ನಿಯಮ. ಕುರ್ಚಿ ಕುಣಿಯುವುದಿಲ್ಲ, ಇದು ಸ್ವಲ್ಪ ಅಲ್ಲಾಡುತ್ತದೆ ಅಷ್ಟೇ.

ಪ್ಯಾಲೆಟ್ ತೋರಿಸಿ ಅಂತ ಕೇಳುತ್ತಿರುತ್ತೀರಿ, ಇದೇ ಪ್ಯಾಲೆಟ್. ಟೈಟೇನಿಯಂ ಬಿಳಿ, ಹಳದಿ ಮಣ್ಣು, ಬರ್ನ್ಟ್ ಸಿಯೆನ್ನಾ ಅನ್ನುವ ಕಂದು, ಅಲ್ಟ್ರಾಮರೀನ್ ಅನ್ನುವ ನೀಲಿ, ಒಂದು ಕೆಂಪು. ಹಾಗೂ ಬೆರಳಚ್ಚಿನ ರೂಪದಲ್ಲಿ ಥ್ಯಾಲೋ. ಕಪ್ಪು ಇಟ್ಟುಕೊಳ್ಳುವುದಿಲ್ಲ. ಟ್ಯೂಬಿನ ಕಪ್ಪು ನೆರಳಿನ ಉಸಿರು ಕಟ್ಟಿಸುತ್ತದೆ. ಅಲ್ಟ್ರಾಮರೀನಿಗೆ ಸಿಯೆನ್ನಾ ಬೆರೆಸಿದರೆ ಬೇಕಾದಷ್ಟು ಗಾಢ ಬಣ್ಣ ಸಿಗುತ್ತದೆ. ನೀಲಿ ಜಾಸ್ತಿ ಹಾಕಿದರೆ ತಂಪು, ಕಂದು ಜಾಸ್ತಿ ಹಾಕಿದರೆ ಬೆಚ್ಚಗೆ. ಕಪ್ಪು ಟ್ಯೂಬು ಸೋಮಾರಿಗಳಿಗೆ.

ಬರೆಯುತ್ತಿದ್ದೇನೆ. ಇದಕ್ಕೆ ಮಾತು ಬೇಡ, ನೋಡಿ.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಎಡಗಡೆ ಕೆಳಗೆ, ಮುಂದಿನ ಕಾಲು ನೆಲಕ್ಕೆ ತಾಗುವ ಜಾಗ. 2 ಇಂಚೂ ಇಲ್ಲ. ಕಾಲು ಬಗ್ಗಿದೆಯಲ್ಲ, ಅದಕ್ಕೇ ನೆರಳು ಕಾಲಿನ ಜೊತೆ ಹೋಗುತ್ತಿಲ್ಲ, ಬೇರೆ ಕಡೆ ತಿರುಗಿದೆ. ತಾಗುವ ಜಾಗದಲ್ಲಿ ನೆರಳು ಗಾಢ, ಅಂಚು ಚೂಪು. ದೂರ ಹೋದ ಹಾಗೆ ತಿಳಿಯಾಗಿ, ಅಂಚು ಮೆತ್ತಗಾಗಿದೆ. ಇದನ್ನು 3 ಸಲ ಕುಂಚ ಊರಿ ಮುಗಿಸಿದ್ದೇನೆ. ಒಂದು ಗಾಢ, ಒಂದು ಮಧ್ಯಮ, ಮೂರನೆಯದು ಒಣ ಕುಂಚದಲ್ಲಿ ಎಳೆದದ್ದು. ಇಡೀ ದಿನದಲ್ಲಿ ಇದೊಂದೇ ಚೆನ್ನಾಗಿ ಬಂದದ್ದು. ಹತ್ತಿರದ ಶಾಟ್ ಹಾಕಿದ್ದೇನೆ, ಸುಮ್ನೆ ಹೊಗಳಿಕೊಳ್ಳಲು.

ಉಳಿದದ್ದು ನೋಡಿ. ಬೆನ್ನು, ತೋಳು, ಹಲಗೆ. ಏನು ಬಣ್ಣ ಅದು? ಪುದೀನ ಟೂತ್‌ಪೇಸ್ಟ್. ಕುಂಚದ ಬುಡದಲ್ಲಿ, ಕೂದಲು ಲೋಹಕ್ಕೆ ಸೇರುವಲ್ಲಿ ಥ್ಯಾಲೋ ಅಡಗಿ ಕೂತಿತ್ತು. ಪ್ರತಿ ಸಲ ಒತ್ತಿದಾಗಲೂ ಒಂದು ಹನಿ ಕೆಳಗೆ ಇಳಿಯುತ್ತಿತ್ತು. ಬಿಳಿಯೆಲ್ಲ ತಣ್ಣಗಾಗುತ್ತಾ ಹೋಯಿತು. ನಾನು ಅದನ್ನು ಸರಿ ಮಾಡಲು ಕಿತ್ತಳೆ ಸೇರಿಸಿದೆ. ಆಗ ಮಂಕಾಯಿತು. ಮಂಕು ತೆಗೆಯಲು ಮತ್ತೆ ಬಿಳಿ. ಬಿಳಿಯಲ್ಲೂ ನೀಲಿ. ಒಂದು ಗಂಟೆ ಇದೇ ಪಾಡು. ನಿಜ ಹೇಳಬೇಕು ಅಂದರೆ ನನಗೆ ಥ್ಯಾಲೋ ಬೇಕೇ ಇರಲಿಲ್ಲ. ಬಿಸಿಲಿನ ಅಂಚಿಗೆ ಚೂರು ತಂಪು ಬೇಕು ಅಂತ ತೆಗೆದದ್ದು. ಅಲ್ಟ್ರಾಮರೀನೇ ಸಾಕಾಗಿತ್ತು. ಅದರ ಮುಚ್ಚಳ ತೆರೆದೇ ಇತ್ತು.

ಕನ್ನಡಿ ಯಾಕೆ ಹಿಡಿದಿದ್ದೇನೆ ಅಂದರೆ, ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಅದು ಯಾರೋ ಬೇರೆಯವರು ಬರೆದ ಹಾಗೆ ಕಾಣುತ್ತದೆ. ಬೇರೆಯವರ ತಪ್ಪು ನಮಗೆ ಬೇಗ ಸಿಗುತ್ತದಲ್ಲ. ಸಿಕ್ಕಿತು. ಬಣ್ಣ ಹಾಳಾದದ್ದಲ್ಲದೆ ಬೆನ್ನೂ ಎಡಕ್ಕೆ ವಾಲಿದೆ. ಇದಕ್ಕೆ ಥ್ಯಾಲೋವನ್ನು ದೂರಲು ಆಗುವುದಿಲ್ಲ.

ಹಾಗಾಗಿ ಚಾಕು. ಈ ಭಾಗ ನನಗೆ ಇಷ್ಟ, ನೋಡುವವರಿಗೆ ಸಂಕಟ ಅಂತ ಗೊತ್ತು. ಪ್ಯಾಲೆಟ್ ಚಾಕು ಮಲಗಿಸಿ ಹಿಡಿದು ಮೇಲಿಂದ ಕೆಳಕ್ಕೆ ಎಳೆಯುವುದು. ಸದ್ದು ಕೇಳಿಸುತ್ತಿದೆಯಾ? ದೋಸೆ ಎಬ್ಬಿಸಿದ ಹಾಗೆ. "ಅಯ್ಯೋ, 3 ಗಂಟೆ ಕೆಲಸ ಹೋಯಿತು" ಅನ್ನಬೇಡಿ. ಹೋಗುವುದು ಬಣ್ಣ. ಹಲಗೆಯ ಅಡಿ ಕಿತ್ತಳೆ ಅಂತ ಈಗ ನನಗೆ ಗೊತ್ತಿದೆಯಲ್ಲ, ಅದನ್ನು ಚಾಕು ಕೆರೆಯುವುದಿಲ್ಲ. ಕೆರೆದ ಮೇಲೆ ಕ್ಯಾನ್ವಾಸಿನ ನೇಯ್ಗೆಯಲ್ಲಿ ಕುರ್ಚಿಯ ಮಸುಕು ಉಳಿದಿದೆ ನೋಡಿ. ನಾಳೆ ಅದರ ಮೇಲೇ ಬರೆಯುತ್ತೇನೆ. ಹಾಗೆ ಬರೆದದ್ದು ಹಲವು ಸಲ ಮೊದಲಿನದಕ್ಕಿಂತ ಚೆನ್ನಾಗಿ ಬಂದಿದೆ. ಬಾರದೇ ಇರುವುದೂ ಇದೆ, ಅದನ್ನು ವಿಡಿಯೋ ಮಾಡುವುದಿಲ್ಲ.

ಕಾಲಿನ ನೆರಳಿನ ಆ 2 ಇಂಚು ಕೆರೆದಿಲ್ಲ. ಕೆರೆಯಬೇಕಿತ್ತು. ಚೆನ್ನಾಗಿ ಬಂದ ತುಣುಕು ಒಂದಿದ್ದರೆ ಉಳಿದದ್ದೆಲ್ಲ ಅದಕ್ಕೆ ಸಲಾಮು ಹೊಡೆಯಬೇಕಾಗುತ್ತದೆ, ಇಡೀ ಚಿತ್ರ ಅದಕ್ಕೆ ಸರಿಹೊಂದಲು ಒದ್ದಾಡುತ್ತದೆ. ಬೇರೆಯವರಿಗೆ ಆಗಿದ್ದರೆ "ಕೆರೆದು ಹಾಕಿ" ಅಂತ ಖಂಡಿತ ಹೇಳುತ್ತಿದ್ದೆ. ನನ್ನದು, ಮನಸ್ಸು ಬರಲಿಲ್ಲ.

ಚಿತ್ರ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ ಅಂತ ಜನ ಕೇಳುತ್ತಾರೆ. ನನಗಂತೂ ಗೊತ್ತಾಗುವುದಿಲ್ಲ. ಪಿಯರ್ ಬೊನಾರ್ ಅಂತ ಫ್ರಾನ್ಸಿನ ಚಿತ್ರಕಾರ ಇದ್ದನಲ್ಲ, ಅವನದೊಂದು ಕಥೆ ಹೇಳುತ್ತಾರೆ. ಮ್ಯೂಸಿಯಂನಲ್ಲಿ ನೇತುಹಾಕಿದ್ದ ತನ್ನದೇ ಚಿತ್ರವನ್ನು ತಿದ್ದಬೇಕು ಅನ್ನಿಸಿ, ಗೆಳೆಯ ವ್ಯೂಯಾರ್‌ನನ್ನು ಕಾವಲುಗಾರನ ಜೊತೆ ಮಾತಿಗೆ ಬಿಟ್ಟು, ಜೇಬಿನಿಂದ ಬಣ್ಣ ತೆಗೆದು ಹಚ್ಚಿ ಬಂದನಂತೆ. ನಿಜವೋ ಕಟ್ಟುಕಥೆಯೋ, ನನಗೆ ಪೂರ್ತಿ ನಂಬಿಕೆ ಬರುತ್ತದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಥ್ಯಾಲೋ ಮಾತ್ರ ಜೇಬಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಧ್ಯಾಹ್ನ ಆಯಿತು. ಬಿಸಿಲು ಕುರ್ಚಿ ಬಿಟ್ಟು ಗೋಡೆಗೆ ಹೋಗಿದೆ. ಕ್ಲೋಡ್ ಮೊನೆ ಅನ್ನುವ ಫ್ರಾನ್ಸಿನ ಚಿತ್ರಕಾರ ಹುಲ್ಲಿನ ಬಣವೆಗಳನ್ನು ಬರೆಯುವಾಗ, 1890ರಲ್ಲಿ, ಒಂದೇ ದಿನ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದ. ಒಳ್ಳೆಯ ಉಪಾಯ. ನನ್ನ ಹತ್ತಿರ ಇರುವುದು ಒಂದು ಕ್ಯಾನ್ವಾಸ್, ಅದೂ ಈಗ ತಾನೇ ಕೆರೆದದ್ದು. ಫೋಟೋ ನೋಡಿಕೊಂಡು ಬರೆಯಬಾರದು ಅಂತ ಹೋದ ವಿಡಿಯೋದಲ್ಲಿ ದೊಡ್ಡದಾಗಿ ಹೇಳಿದ್ದೆ. ಫೋಟೋದಲ್ಲಿ ನೆರಳು ಸತ್ತಿರುತ್ತದೆ, ಬಿಸಿಲು ಸುಟ್ಟಿರುತ್ತದೆ, ಹೀಗೆಲ್ಲ. ಈಗ ಇಲ್ಲಿ ಫೋನ್ ಹಿಡಿದು ಏನು ಮಾಡುತ್ತಿದ್ದೇನೆ ಅಂತ ಕಾಣುತ್ತಿದೆ, ಮುಚ್ಚಿಡುವುದಿಲ್ಲ. ಕಾಲುಗಳು ಎಲ್ಲೆಲ್ಲಿದ್ದವು ಅಂತ ನೆನಪಿಗೆ ಮಾತ್ರ. ಬಣ್ಣ ಫೋಟೋದಿಂದ ತೆಗೆದುಕೊಳ್ಳುವುದಿಲ್ಲ. ಹೇಗಿದ್ದರೂ ಫೋನಿನ ಗಾಜು ನೀಲಿಯಾಗಿದೆ, ಎಲ್ಲವೂ ನೀಲಿಯೇ ಕಾಣುತ್ತದೆ.

ಹಾಂ, ಒಂದು ಶಾಟ್‌ನಲ್ಲಿ ಡ್ರಾಯರಿನೊಳಗೆ ಕಪ್ಪು ಟ್ಯೂಬು ಕಂಡಿರಬಹುದು. ಐವರಿ ಬ್ಲ್ಯಾಕ್. ಹಳದಿ ಮಣ್ಣಿಗೆ ಅದನ್ನು ಬೆರೆಸಿದರೆ ಎಂಥ ಚಂದದ ಹಸಿರು ಬರುತ್ತದೆ ಗೊತ್ತಾ, ಒಣಗಿದ ಎಲೆಯ ಹಸಿರು. ಅದಕ್ಕೆ ಇಟ್ಟಿದ್ದೇನೆ. ಸೋಮಾರಿಗಳಿಗೆ ಅಂದದ್ದನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ.

ಕುರ್ಚಿಯೇ ಯಾಕೆ, ಹೂವು, ಮುಖ, ಬೆಟ್ಟ ಏನಾದರೂ ಬರೆಯಬಾರದೇ ಅಂತ ಮನೆಯಲ್ಲೂ ಕೇಳುತ್ತಾರೆ. ಮೊರಾಂಡಿ ಅಂತ ಇಟಲಿಯ ಚಿತ್ರಕಾರ ಜೀವಮಾನ ಪೂರ್ತಿ ಹೆಚ್ಚಾಗಿ ಬಾಟಲಿ, ಹೂಜಿ, ಡಬ್ಬಿಗಳನ್ನೇ ಬರೆದ. ಅವೇ ಬಾಟಲಿ, ಸ್ವಲ್ಪ ಆಚೆ ಈಚೆ ಸರಿಸಿ. ಅವನ ಚಿತ್ರದ ಎದುರು ನಿಂತರೆ ಎರಡು ಬಾಟಲಿಗಳ ನಡುವಿನ ಸಂದಿ ನೋಡುತ್ತಾ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನನ್ನ ಕುರ್ಚಿಗೆ ಅಷ್ಟು ಯೋಗ್ಯತೆ ಇದೆಯಾ? ಕುರ್ಚಿಗೆ ಇದೆ. ನನಗೆ ಬರಬೇಕು. ಮುಖ ಬರೆಯಲು ನಾನು ಹೆದರುತ್ತೇನೆ, ಅದೂ ಒಂದು ಕಾರಣ. ಕುರ್ಚಿ "ನನ್ನ ಮೂಗು ಹೀಗಿಲ್ಲ" ಅನ್ನುವುದಿಲ್ಲ.

ಕೊನೆಯ ಶಾಟ್. ಕುಂಚ ತೊಳೆದಾಯಿತು. ಟ್ಯೂಬನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ಟೇಪು ಹಚ್ಚಿ, ಡಬ್ಬಿಯೊಳಗೆ ಹಾಕಿದೆ. ಮುಚ್ಚಳ ಇನ್ನೂ ಬಿಚ್ಚಿಲ್ಲ. ಈಗ ಕುರ್ಚಿಯ ಜಾಗ ತಪ್ಪಬಾರದು ಅಂತ 4 ಕಾಲಿನ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೇನೆ. ಬಗ್ಗಿದ ಹಾಗೇ ನಿಂತೆ ನೋಡಿ. ಹಲಗೆಯ ಅಂಚಿನಲ್ಲಿ, ಬಿಸಿಲಿನ ಬಿಳಿ ಗೆರೆ ಇದ್ದ ಜಾಗದಲ್ಲೇ, ನನ್ನ ಹೆಬ್ಬೆರಳು. ಗೆರೆಗೆರೆಯಾಗಿ ಅಚ್ಚೊತ್ತಿದೆ. ಯಾವಾಗ ಮುಟ್ಟಿದೆನೋ. ಇಷ್ಟು ಹೊತ್ತು ಅದೇ ಅಂಚನ್ನು ನೋಡಿ ನೋಡಿ ಬರೆದೆ, ಇದು ಕಾಣಲೇ ಇಲ್ಲ. ಎಣ್ಣೆ ಹಚ್ಚಿ ಉಜ್ಜಿದೆ. ಸ್ವಲ್ಪ ಹೋಯಿತು, ಪೂರ್ತಿ ಹೋಗಿಲ್ಲ. ನಾಳೆ 7 ಗಂಟೆಗೆ ಬಿಸಿಲು ಅದರ ಮೇಲೇ ಬೀಳುತ್ತದೆ. ಅದನ್ನೂ ಬರೆಯಬೇಕು ಅಂದರೆ ಥ್ಯಾಲೋ ಬೇಕು. ನೀರು ಕಾಯಲು ಇಟ್ಟಿದ್ದೇನೆ.